ಕರ್ಮವೀರ ಕಾಮರಾಜರು

ವಿದ್ಯಾರ್ಥಿಗಳೇ, ಪ್ರತಿ ವರ್ಷ ಜುಲೈ 15ರಂದು ನಮ್ಮ ತಮಿಳುನಾಡಿನ ಶಾಲೆಗಳಲ್ಲಿ ಒಂದು ಸಂಭ್ರಮವಿರುತ್ತದೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಂದು ಭಾವಚಿತ್ರಕ್ಕೆ ಹೂಹಾರ ಹಾಕುತ್ತಾರೆ. ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ, ಚಿತ್ರಕಲಾ ಸ್ಪರ್ಧೆಗಳು ನಡೆಯುತ್ತವೆ. 2006ರಿಂದ ಈ ದಿನವನ್ನು ಶಿಕ್ಷಣ ಅಭಿವೃದ್ಧಿ ದಿನವೆಂದು ಆಚರಿಸುತ್ತಾ ಬಂದಿದ್ದೇವೆ. ಆ ಚಿತ್ರದಲ್ಲಿರುವವರನ್ನು ನೀವು ನೋಡಿದ್ದೀರಿ. ಎತ್ತರದ ಆಳು, ಕಪ್ಪು ಮೈಬಣ್ಣ, ಅರ್ಧ ತೋಳಿನ ಬಿಳಿ ಖಾದಿ ಅಂಗಿ, ಹೆಗಲ ಮೇಲೊಂದು ವಸ್ತ್ರ. ಅವರೇ ಕೆ. ಕಾಮರಾಜರು.

ಶಿಕ್ಷಣದ ಹೆಸರಿನಲ್ಲಿ ಆಚರಿಸುವ ಈ ದಿನವನ್ನು ದೊಡ್ಡ ಪದವಿಗಳನ್ನು ಪಡೆದ ವಿದ್ವಾಂಸರೊಬ್ಬರ ಹುಟ್ಟುಹಬ್ಬದಂದು ಇಟ್ಟಿಲ್ಲ. ಆರನೆಯ ತರಗತಿಯ ಹೊತ್ತಿಗೇ ಶಾಲೆ ಬಿಟ್ಟ ಒಬ್ಬರ ಹುಟ್ಟುಹಬ್ಬದಂದು ಇಟ್ಟಿದ್ದಾರೆ. ಇದೇಕೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಈ ಪಾಠವನ್ನು ಓದಿ ಮುಗಿಸುವ ಹೊತ್ತಿಗೆ ಅದಕ್ಕೆ ಉತ್ತರ ನಿಮಗೇ ಹೊಳೆಯಬೇಕು.

ಹಿಡಿ ಅಕ್ಕಿಯ ಶಾಲೆ

ಮದುರೈಗೆ ದಕ್ಷಿಣದಲ್ಲಿ ವಿರುದುನಗರ ಎಂಬ ವ್ಯಾಪಾರದ ಪಟ್ಟಣವಿದೆ. ಆಗ ಅದರ ಹೆಸರು ವಿರುದುಪಟ್ಟಿ. ಅಲ್ಲಿ 1903ನೆಯ ಇಸವಿ ಜುಲೈ 15ರಂದು ಕುಮಾರಸ್ವಾಮಿ ನಾಡಾರ್ ಮತ್ತು ಶಿವಕಾಮಿ ಅಮ್ಮಾಳ್ ದಂಪತಿಗಳಿಗೆ ಒಂದು ಗಂಡು ಮಗು ಹುಟ್ಟಿತು. ಮನೆದೇವತೆ ಕಾಮಾಕ್ಷಿಯ ಹೆಸರನ್ನೇ ಮಗುವಿಗೆ ಇಟ್ಟರು. ತಾಯಿ ಮುದ್ದಿನಿಂದ ರಾಜಾ ಎಂದು ಕರೆಯುತ್ತಿದ್ದರು. ಎರಡೂ ಹೆಸರು ಕೂಡಿ ಕಾಮರಾಜ ಎಂದಾಯಿತು. ತಂದೆ ತೆಂಗಿನಕಾಯಿಯ ವ್ಯಾಪಾರಿ. ನಾಗಮ್ಮಾಳ್ ಎಂಬ ತಂಗಿಯೂ ಮನೆಯಲ್ಲಿದ್ದಳು.

ನಾಡಾರ್ ಸಮುದಾಯದವರು ಆ ಕಾಲದಲ್ಲಿ ಅನೇಕ ಅವಮಾನಗಳನ್ನು ಸಹಿಸಬೇಕಾಗಿತ್ತು. ಹಲವು ದೇವಾಲಯಗಳೊಳಗೆ ಅವರಿಗೆ ಪ್ರವೇಶವಿರಲಿಲ್ಲ. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ದುಡಿದು, ವ್ಯಾಪಾರ ಮಾಡಿ, ಲಾಭದ ಒಂದು ಪಾಲನ್ನು ಊರ ಕೆಲಸಕ್ಕೆಂದು ತೆಗೆದಿಟ್ಟರು. ಆ ಹಣದಿಂದ ಶಾಲೆಗಳು ಹುಟ್ಟಿದವು. ವಿರುದುನಗರದ ಕ್ಷತ್ರಿಯ ವಿದ್ಯಾಶಾಲೆ ಅಂತಹ ಒಂದು ಶಾಲೆ. ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಮನೆಯವರು ಒಂದು ಹಿಡಿ ಅಕ್ಕಿಯನ್ನು ಬೇರೆಯಾಗಿ ತೆಗೆದಿಡುತ್ತಿದ್ದರು. ಆ ಅಕ್ಕಿ ಶಾಲೆಯ ಖರ್ಚಿಗೆ ಹೋಗುತ್ತಿತ್ತು. ಬಾಲಕ ಕಾಮರಾಜ ಅಕ್ಷರ ಕಲಿತದ್ದು ಈ ಶಾಲೆಯಲ್ಲಿ. ಊರಿನವರೆಲ್ಲ ಸೇರಿ ನಡೆಸಿದರೆ ಬಡವರಿಗೂ ಶಾಲೆ ಸಿಗುತ್ತದೆ ಎಂಬುದನ್ನು ಅವರು ಬಾಲ್ಯದಲ್ಲೇ ಕಣ್ಣಾರೆ ಕಂಡಿದ್ದರು. ಈ ಹಿಡಿ ಅಕ್ಕಿಯನ್ನು ನೀವು ನೆನಪಿನಲ್ಲಿಡಿ. ಮುಂದೆ ಅದು ಮತ್ತೆ ಬರುತ್ತದೆ.

ಕಾಮರಾಜರಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮನೆಯ ಭಾರವೆಲ್ಲ ತಾಯಿಯ ಮೇಲೆ ಬಿತ್ತು. ಶಿವಕಾಮಿ ಅಮ್ಮಾಳ್ ತಮ್ಮ ಓಲೆಯೊಂದನ್ನು ಉಳಿಸಿಕೊಂಡು ಉಳಿದ ಒಡವೆಗಳನ್ನು ಮಾರಿದರು. ಬಂದ ಹಣವನ್ನು ಒಬ್ಬ ವರ್ತಕರಲ್ಲಿಟ್ಟು, ಅದರ ಬಡ್ಡಿಯಿಂದ ಮನೆ ನಡೆಸಿದರು. ಹೀಗೆ ಕೆಲವು ವರ್ಷ ಕಳೆಯಿತು. ಕೊನೆಗೆ ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಹುಡುಗ ಶಾಲೆಯನ್ನು ಬಿಟ್ಟು ಸೋದರಮಾವನ ಬಟ್ಟೆ ಅಂಗಡಿಗೆ ಸೇರಬೇಕಾಯಿತು. ಜೊತೆಯ ಹುಡುಗರು ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುವಾಗ ಇವರು ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದರು.

ಅಂಗಡಿಯಿಂದ ಸೆರೆಮನೆಗೆ

ಅಂಗಡಿಗೆ ಬರುವವರು ದಿನಪತ್ರಿಕೆ ಓದುತ್ತಿದ್ದರು, ದೇಶದ ಸುದ್ದಿ ಮಾತಾಡುತ್ತಿದ್ದರು. ಹುಡುಗ ಕಿವಿಗೊಟ್ಟು ಕೇಳುತ್ತಿದ್ದನು. ಸಂಜೆ ಸಾರ್ವಜನಿಕ ಸಭೆಗಳು ನಡೆದರೆ ಅಂಗಡಿ ಬಿಟ್ಟು ಅಲ್ಲಿಗೆ ಓಡುತ್ತಿದ್ದನು. 1919ರಲ್ಲಿ ಜಲಿಯನ್‌ವಾಲಾಬಾಗಿನಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಆ ಎಳೆಯ ಮನಸ್ಸನ್ನು ಕಲಕಿತು. ಮರು ವರ್ಷ ಗಾಂಧೀಜಿಯವರು ಅಸಹಕಾರ ಚಳವಳಿಗೆ ಕರೆ ಕೊಟ್ಟಾಗ ಕಾಮರಾಜರು ಕಾಂಗ್ರೆಸ್ಸಿನ ಕಾರ್ಯಕರ್ತರಾದರು.

ಮನೆಯವರಿಗೆ ಇದು ಹಿಡಿಸಲಿಲ್ಲ. ಹುಡುಗನ ಮನಸ್ಸು ಬದಲಾಗಲಿ ಎಂದು ತಿರುವನಂತಪುರದಲ್ಲಿದ್ದ ಇನ್ನೊಬ್ಬ ಸೋದರಮಾವನ ಮರದ ಅಂಗಡಿಗೆ ಕಳುಹಿಸಿದರು. ಆದರೆ ಅಲ್ಲಿಗೆ ಹೋದ ಮೇಲೂ ಅವರ ದಾರಿ ಬದಲಾಗಲಿಲ್ಲ. ವೈಕಂ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಎಲ್ಲರಿಗೂ ನಡೆದಾಡುವ ಹಕ್ಕು ಬೇಕೆಂದು ನಡೆದ ಸತ್ಯಾಗ್ರಹದಲ್ಲಿ ಅವರು ಪಾಲ್ಗೊಂಡರು. ಮದುವೆ ಮಾಡಿದರೆ ಸರಿಹೋದೀತು ಎಂದು ಹಿರಿಯರು ಯೋಚಿಸಿದರು. ಕಾಮರಾಜರು ಅದಕ್ಕೂ ಒಪ್ಪಲಿಲ್ಲ. ಕೊನೆಯವರೆಗೂ ಅವರು ಅವಿವಾಹಿತರಾಗಿಯೇ ಉಳಿದರು.

1930ರಲ್ಲಿ ರಾಜಾಜಿಯವರ ನೇತೃತ್ವದಲ್ಲಿ ತಿರುಚ್ಚಿಯಿಂದ ವೇದಾರಣ್ಯಕ್ಕೆ ಉಪ್ಪಿನ ಸತ್ಯಾಗ್ರಹದ ಯಾತ್ರೆ ಹೊರಟಿತು. ಅದರಲ್ಲಿ ಭಾಗವಹಿಸಿದ ಕಾಮರಾಜರಿಗೆ ಎರಡು ವರ್ಷ ಶಿಕ್ಷೆಯಾಯಿತು. ಮರು ವರ್ಷ ಗಾಂಧಿ–ಇರ್ವಿನ್ ಒಪ್ಪಂದವಾದ ಬಳಿಕ ಬಿಡುಗಡೆಯಾದರು. ಅಲ್ಲಿಂದ ಮುಂದೆ ಸೆರೆಮನೆ ಅವರಿಗೆ ಎರಡನೆಯ ಮನೆಯಾಯಿತು. ಒಟ್ಟು ಆರು ಬಾರಿ, 3000 ದಿನಗಳಿಗಿಂತ ಹೆಚ್ಚು ಕಾಲ ಅವರು ಸೆರೆವಾಸ ಅನುಭವಿಸಿದರು. ಶಾಲೆಯಲ್ಲಿ ಕಲಿಯಲಾಗದ್ದನ್ನು ಅಲ್ಲಿ ಕಲಿತರು. ಪುಸ್ತಕಗಳನ್ನು ಓದಿದರು, ಇಂಗ್ಲಿಷನ್ನೂ ಸ್ವಂತ ಪ್ರಯತ್ನದಿಂದ ಕಲಿತುಕೊಂಡರು.

ಎಸ್. ಸತ್ಯಮೂರ್ತಿಯವರು ಆ ಕಾಲದ ದೊಡ್ಡ ವಾಗ್ಮಿಗಳು. ಕಾಮರಾಜರು ಅವರನ್ನು ತಮ್ಮ ರಾಜಕೀಯ ಗುರುವೆಂದು ತಿಳಿದಿದ್ದರು. 1940ರಲ್ಲಿ ತಮಿಳುನಾಡು ಕಾಂಗ್ರೆಸ್ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದಾಗ ಕಾಮರಾಜರು ಕೇವಲ ಮೂರು ಮತಗಳ ಅಂತರದಿಂದ ಗೆದ್ದರು. ಆಗ ಗುರುಗಳಾದ ಸತ್ಯಮೂರ್ತಿಯವರು ಶಿಷ್ಯನ ಕೈಕೆಳಗೆ ಕಾರ್ಯದರ್ಶಿಯಾಗಿ ಕೆಲಸ ಮಾಡಲು ಸಂತೋಷದಿಂದ ಒಪ್ಪಿದರು. ಇಂತಹ ಗುರುವೂ ಇಂತಹ ಶಿಷ್ಯನೂ ಸಿಗುವುದು ಅಪರೂಪ. ಸತ್ಯಮೂರ್ತಿಯವರು ಸ್ವಾತಂತ್ರ್ಯವನ್ನು ಕಾಣದೆ 1943ರಲ್ಲಿ ನಿಧನರಾದರು. 1947ರಲ್ಲಿ ದೇಶ ಸ್ವತಂತ್ರವಾದಾಗ ಕಾಮರಾಜರು ಗುರುವಿನ ಮನೆಗೇ ಹೋಗಿ ಅಲ್ಲಿ ರಾಷ್ಟ್ರಧ್ವಜವನ್ನು ಹಾರಿಸಿದರು.

ಒಂದೇ ದಿನದ ಪುರಸಭಾಧ್ಯಕ್ಷ

ಈಗ ನಿಮಗೊಂದು ಸಣ್ಣ ಘಟನೆಯನ್ನು ಹೇಳಬೇಕು. ದೊಡ್ಡ ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಒಂದೆರಡು ಸಾಲು ಮಾತ್ರ ಇರುತ್ತದೆ. ಆದರೆ ಕಾಮರಾಜರ ಸ್ವಭಾವವನ್ನು ತಿಳಿಯಲು ಇದೊಂದೇ ಸಾಕು.

1940ರ ಕೊನೆಯಲ್ಲಿ ಅವರು ವೈಯಕ್ತಿಕ ಸತ್ಯಾಗ್ರಹಿಗಳ ಪಟ್ಟಿಗೆ ಗಾಂಧೀಜಿಯವರ ಒಪ್ಪಿಗೆ ಪಡೆಯಲು ವಾರ್ಧಾಕ್ಕೆ ಹೊರಟಿದ್ದಾಗ ಪೊಲೀಸರು ಬಂಧಿಸಿ ವೆಲ್ಲೂರಿನ ಸೆರೆಮನೆಯಲ್ಲಿಟ್ಟರು. ಅವರು ಒಳಗಿದ್ದಾಗಲೇ ವಿರುದುನಗರದ ಪುರಸಭೆಯ ಸದಸ್ಯರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಹುಟ್ಟೂರಿನ ಜನ ತೋರಿದ ಪ್ರೀತಿ ಅದು. 1941ರ ನವೆಂಬರಿನಲ್ಲಿ ಬಿಡುಗಡೆಯಾಗಿ ಬಂದ ಕಾಮರಾಜರು ಪುರಸಭೆಗೆ ಹೋದರು. ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಕೂಡಲೇ ರಾಜೀನಾಮೆ ಬರೆದು ಕೊಟ್ಟರು. ದೇಶದ ಹೋರಾಟದಲ್ಲಿ ಮುಳುಗಿರುವ ತಮಗೆ ಊರಿನ ಬೀದಿ, ಚರಂಡಿ, ನೀರಿನ ಕೆಲಸಗಳಿಗೆ ಸಮಯ ಕೊಡಲು ಆಗುವುದಿಲ್ಲ, ಪೂರ್ತಿಯಾಗಿ ನ್ಯಾಯ ಸಲ್ಲಿಸಲಾಗದ ಹುದ್ದೆಯನ್ನು ಹಿಡಿದುಕೊಂಡು ಕೂರಬಾರದು ಎಂಬುದು ಅವರ ಅಭಿಪ್ರಾಯವಾಗಿತ್ತು.

ಶಾಲೆಯಲ್ಲಿ ತರಗತಿಯ ನಾಯಕನಾಗಲು ನಿಮ್ಮಲ್ಲೇ ಎಷ್ಟು ಪೈಪೋಟಿ ನಡೆಯುತ್ತದೆ ಎಂಬುದನ್ನು ಒಮ್ಮೆ ನೆನೆದುಕೊಳ್ಳಿ. ಕೈಗೆ ಬಂದ ಪದವಿಯನ್ನು ಕೆಲಸ ಮಾಡಲಾಗದು ಎಂಬ ಕಾರಣಕ್ಕೆ ಹಿಂದಿರುಗಿಸುವುದು ಸುಲಭವೇ?

1942ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿಯ ನಿರ್ಣಯವಾಯಿತು. ನಾಯಕರೆಲ್ಲ ಬಂಧಿತರಾದರು. ರೈಲಿನಲ್ಲಿ ಮರಳುತ್ತಿದ್ದ ಕಾಮರಾಜರು ಪೊಲೀಸರ ಕಣ್ಣು ತಪ್ಪಿಸಿ ಅರಕ್ಕೋಣಂ ನಿಲ್ದಾಣದಲ್ಲಿ ಇಳಿದರು. ಊರಿಂದೂರಿಗೆ ತಲೆಮರೆಸಿಕೊಂಡು ಹೋಗಿ ಕಾರ್ಯಕರ್ತರಿಗೆ ಮಾಡಬೇಕಾದ ಕೆಲಸಗಳನ್ನು ತಿಳಿಸಿದರು. ಎಲ್ಲವೂ ಮುಗಿದ ಮೇಲೆ ವಿರುದುನಗರದ ಮನೆಗೆ ಬಂದು ತಾವೇ ಪೊಲೀಸರಿಗೆ ಸುದ್ದಿ ಕಳುಹಿಸಿದರು. ಮತ್ತೆ ಮೂರು ವರ್ಷ ಸೆರೆವಾಸ.

ಅರ್ಧ ದಿನದ ಶಾಲೆ

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಕಾಮರಾಜರು ಶ್ರೀವಿಲ್ಲಿಪುತ್ತೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಮದರಾಸು ರಾಜ್ಯದಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಹಿರಿಯರೂ ಮೇಧಾವಿಗಳೂ ಆದ ರಾಜಾಜಿಯವರು ಮುಖ್ಯಮಂತ್ರಿಗಳಾದರು.

ಆಗ ಸರ್ಕಾರದ ಬಳಿ ಹಣ ಕಡಿಮೆ ಇತ್ತು. ಶಾಲೆಗಳೂ ಶಿಕ್ಷಕರೂ ಸಾಲದಾಗಿದ್ದರು. ಇದ್ದ ಶಿಕ್ಷಕರಿಂದಲೇ ಹೆಚ್ಚು ಮಕ್ಕಳಿಗೆ ಕಲಿಸಬೇಕೆಂದು ರಾಜಾಜಿಯವರು 1953ರಲ್ಲಿ ಒಂದು ಹೊಸ ಯೋಜನೆಯನ್ನು ತಂದರು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಅರ್ಧ ದಿನ ಮಾತ್ರ ಪಾಠ ಕೇಳಬೇಕು, ಉಳಿದ ಹೊತ್ತು ಮನೆಯ ಕಸುಬನ್ನು ಕಲಿಯಬೇಕು. ಯೋಜನೆಯ ಉದ್ದೇಶವೇನೇ ಇರಲಿ, ಜನರಿಗೆ ಅದು ಬೇರೆಯಾಗಿಯೇ ಕಂಡಿತು. ಚಪ್ಪಲಿ ಹೊಲಿಯುವವರ ಮಗ ಚಪ್ಪಲಿಯನ್ನೇ ಹೊಲಿಯಬೇಕು, ಮಡಿಕೆ ಮಾಡುವವರ ಮಗ ಮಡಿಕೆಯನ್ನೇ ಮಾಡಬೇಕು, ಹೀಗೆ ಹುಟ್ಟಿದ ಜಾತಿಗೇ ಮಕ್ಕಳನ್ನು ಕಟ್ಟಿಹಾಕುವ ಯೋಜನೆ ಇದು ಎಂದು ಪೆರಿಯಾರ್ ಮತ್ತು ಇತರರು ತೀವ್ರವಾಗಿ ವಿರೋಧಿಸಿದರು. ಕಾಂಗ್ರೆಸ್ಸಿನ ಒಳಗೂ ಅಸಮಾಧಾನ ಬೆಳೆಯಿತು. 1954ರಲ್ಲಿ ರಾಜಾಜಿಯವರು ರಾಜೀನಾಮೆ ಕೊಟ್ಟರು.

ಮುಂದಿನ ಮುಖ್ಯಮಂತ್ರಿ ಯಾರು? ಪಕ್ಷದ ಶಾಸಕರ ನಡುವೆ ಚುನಾವಣೆ ನಡೆಯಿತು. ಒಂದು ಕಡೆ ಕಾಮರಾಜರು, ಇನ್ನೊಂದು ಕಡೆ ಕಾನೂನು ಓದಿದ, ರಾಜಾಜಿಯವರ ಮೆಚ್ಚುಗೆ ಪಡೆದ ಸಿ. ಸುಬ್ರಹ್ಮಣ್ಯಂ. ಕಾಮರಾಜರಿಗೆ 93 ಮತಗಳು, ಸುಬ್ರಹ್ಮಣ್ಯಂ ಅವರಿಗೆ 41 ಮತಗಳು ಬಂದವು. 1954ರ ಏಪ್ರಿಲ್ 13ರಂದು ಕಾಮರಾಜರು ಮದರಾಸು ರಾಜ್ಯದ ಮುಖ್ಯಮಂತ್ರಿಯಾದರು.

ಗೆದ್ದವರು ಸೋತವರನ್ನು ದೂರವಿಡುವುದು ಲೋಕದ ರೂಢಿ. ಕಾಮರಾಜರು ಹಾಗೆ ಮಾಡಲಿಲ್ಲ. ತಮಗೆ ಎದುರಾಗಿ ನಿಂತಿದ್ದ ಸುಬ್ರಹ್ಮಣ್ಯಂ ಅವರನ್ನೇ ಮಂತ್ರಿಮಂಡಲಕ್ಕೆ ಕರೆದು ಹಣಕಾಸು ಮತ್ತು ಶಿಕ್ಷಣದಂತಹ ದೊಡ್ಡ ಖಾತೆಗಳನ್ನು ಕೊಟ್ಟರು. ಸುಬ್ರಹ್ಮಣ್ಯಂ ಅವರ ಪರವಾಗಿದ್ದ ಭಕ್ತವತ್ಸಲಂ ಅವರನ್ನೂ ಮಂತ್ರಿಯಾಗಿ ಮಾಡಿಕೊಂಡರು. ದೇವಾಲಯಗಳ ಆಡಳಿತದ ಖಾತೆಯನ್ನು ದಲಿತ ಸಮುದಾಯದ ಮಂತ್ರಿಯೊಬ್ಬರಿಗೆ ವಹಿಸಿದರು. ದೇವಾಲಯದ ಬಾಗಿಲಲ್ಲಿ ತಡೆಯಲ್ಪಟ್ಟಿದ್ದವರ ಪ್ರತಿನಿಧಿಯೊಬ್ಬರು ದೇವಾಲಯಗಳ ಹೊಣೆ ಹೊತ್ತದ್ದು ಸಣ್ಣ ಸಂಗತಿಯಲ್ಲ. ಇಡೀ ಮಂತ್ರಿಮಂಡಲದಲ್ಲಿ ಇದ್ದವರು ಎಂಟು ಮಂದಿ ಮಾತ್ರ.

ಮುಖ್ಯಮಂತ್ರಿಯಾದವರು ರಾಜ್ಯದ ಶಾಸಕರಾಗಬೇಕಲ್ಲವೇ? ಕಾಮರಾಜರು ಗುಡಿಯಾತ್ತಂ ಉಪಚುನಾವಣೆಯಲ್ಲಿ ಸ್ಪರ್ಧಿಸಿದರು. ಬೇರೆ ವಿಷಯಗಳಲ್ಲಿ ಕಾಂಗ್ರೆಸ್ಸನ್ನು ವಿರೋಧಿಸುತ್ತಿದ್ದ ಪೆರಿಯಾರ್ ಅವರೂ ಅಣ್ಣಾದುರೈ ಅವರ ಪಕ್ಷವೂ ಅವರನ್ನು ಬೆಂಬಲಿಸಿದವು. ಅವರು ಗೆದ್ದುಬಂದರು. ಅರ್ಧ ದಿನದ ಶಾಲಾ ಯೋಜನೆ ಆ ವರ್ಷವೇ ರದ್ದಾಯಿತು.

ಮಧ್ಯಾಹ್ನದ ಅನ್ನ

ಇನ್ನು ಮುಂದಿನ ಭಾಗ ನಿಮ್ಮದೇ ಕಥೆ. ಎಚ್ಚರದಿಂದ ಓದಿ.

ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದವು. ಸಣ್ಣ ಸಣ್ಣ ಹಳ್ಳಿಗಳಿಗೂ ಏಕೋಪಾಧ್ಯಾಯ ಶಾಲೆಗಳು ಬಂದವು. ಓದಿ ಕೆಲಸವಿಲ್ಲದೆ ಕುಳಿತಿದ್ದ ಯುವಕರು ಶಿಕ್ಷಕರಾದರು. ಆದರೂ ಅನೇಕ ಮಕ್ಕಳು ಶಾಲೆಯ ಕಡೆಗೆ ಬರಲಿಲ್ಲ. ಕಾರಣವೇನು?

ಒಮ್ಮೆ ಕಾಮರಾಜರು ತಿರುನೆಲ್ವೇಲಿ ಜಿಲ್ಲೆಯ ಚೇರನ್‌ಮಹಾದೇವಿಯ ಕಡೆ ಪ್ರಯಾಣ ಮಾಡುತ್ತಿದ್ದಾಗ ರೈಲ್ವೆ ಗೇಟಿನ ಬಳಿ ವಾಹನ ನಿಂತಿತಂತೆ. ಅಲ್ಲಿ ದನ ಮೇಯಿಸುತ್ತಿದ್ದ ಹುಡುಗರನ್ನು ಕಂಡು ಶಾಲೆಗೆ ಏಕೆ ಹೋಗಲಿಲ್ಲವೆಂದು ವಿಚಾರಿಸಿದರಂತೆ. ಶಾಲೆಗೆ ಹೋದರೆ ಅನ್ನ ಯಾರು ಕೊಡುತ್ತಾರೆ ಎಂದು ಒಬ್ಬ ಹುಡುಗ ತಿರುಗಿ ಕೇಳಿದನಂತೆ. ಈ ಪ್ರಸಂಗವನ್ನು ನಮ್ಮ ನಾಡಿನ ಹಿರಿಯರು ಇಂದಿಗೂ ಹೇಳುತ್ತಾರೆ. ಹನ್ನೆರಡನೆಯ ವಯಸ್ಸಿನಲ್ಲಿ ಬಡತನಕ್ಕಾಗಿ ಶಾಲೆ ಬಿಟ್ಟವರಿಗೆ ಆ ಹುಡುಗನ ಪ್ರಶ್ನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶಾಲೆಯಲ್ಲಿ ಮಧ್ಯಾಹ್ನ ಊಟ ಕೊಡುವುದು ಪೂರ್ತಿ ಹೊಸ ವಿಚಾರವೇನಲ್ಲ. 1920ರ ಸುಮಾರಿಗೇ ಮದರಾಸು ನಗರಸಭೆಯು ತನ್ನ ಕೆಲವು ಶಾಲೆಗಳಲ್ಲಿ ಅದನ್ನು ಆರಂಭಿಸಿತ್ತು. ಆದರೆ ಇಡೀ ರಾಜ್ಯದ ಹಳ್ಳಿಹಳ್ಳಿಗೂ ಅದನ್ನು ಕೊಂಡೊಯ್ಯುವುದೆಂದರೆ ಕಷ್ಟದ ಮಾತು. ಹಣ ಎಲ್ಲಿಂದ ತರುವುದು ಎಂದು ಅಧಿಕಾರಿಗಳು ಚಿಂತಿಸಿದರು. ಕಾಮರಾಜರಿಗೆ ವಿರುದುನಗರದ ಹಿಡಿ ಅಕ್ಕಿ ಗೊತ್ತಿತ್ತು. ಅವರು ಜನರ ಬಳಿಗೇ ಹೋದರು. ಅಗತ್ಯ ಬಿದ್ದರೆ ಮನೆ ಮನೆಗೆ ಹೋಗಿ ಬೇಡಲೂ ತಾವು ಸಿದ್ಧರೆಂದು ತಿಳಿಸಿದರು. 1956ರಲ್ಲಿ ಮಹಾಕವಿ ಸುಬ್ರಹ್ಮಣ್ಯ ಭಾರತಿಯವರ ಹುಟ್ಟೂರಾದ ಎಟ್ಟಯಾಪುರದಲ್ಲಿ ಯೋಜನೆ ಆರಂಭವಾಯಿತು. ಒಬ್ಬರು ಅಕ್ಕಿ ಕೊಟ್ಟರು, ಇನ್ನೊಬ್ಬರು ಬೇಳೆ ಕೊಟ್ಟರು, ಮತ್ತೊಬ್ಬರು ಸೌದೆ ತಂದು ಹಾಕಿದರು. ಸರ್ಕಾರವೂ ತನ್ನ ಪಾಲನ್ನು ಸೇರಿಸಿತು. ಶಾಲೆಯ ಒಲೆ ಉರಿಯಿತು.

ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಸುಂದರವಡಿವೇಲು ಅವರು ಈ ಕೆಲಸದಲ್ಲಿ ಕಾಮರಾಜರ ಬಲಗೈಯಾದರು. ಊರೂರಿನಲ್ಲಿ ಶಾಲಾ ಅಭಿವೃದ್ಧಿ ಸಮ್ಮೇಳನಗಳು ನಡೆದವು. ಜನರು ಶಾಲೆಗೆ ಬೆಂಚು, ಕಪ್ಪುಹಲಗೆ, ಗಡಿಯಾರ, ಕಟ್ಟಡ, ನೆಲ ಹೀಗೆ ಕೈಲಾದದ್ದನ್ನು ಕೊಟ್ಟರು. ಶ್ರೀಮಂತರ ಮಗು, ಬಡವರ ಮಗು ಎಂಬ ಭೇದ ಉಡುಪಿನಲ್ಲಿ ಕಾಣಬಾರದೆಂದು ಸಮವಸ್ತ್ರವನ್ನು ಹಂಚಿದರು. ಹಂತಹಂತವಾಗಿ 11ನೆಯ ತರಗತಿಯವರೆಗೆ ಉಚಿತ ಶಿಕ್ಷಣ ದೊರೆಯಿತು. ಆಗ 11ನೆಯ ತರಗತಿಯೇ ಪ್ರೌಢಶಾಲೆಯ ಕೊನೆಯ ತರಗತಿ.

ಈ ಒಲೆ ಮುಂದೆ ಆರಲಿಲ್ಲ. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ಪೌಷ್ಟಿಕ ಆಹಾರ ಯೋಜನೆಯಾಗಿ ಅದನ್ನು ಬಹಳ ದೊಡ್ಡದು ಮಾಡಿದರು. ಮುಂದೆ ಇಡೀ ಭಾರತದ ಶಾಲೆಗಳಿಗೆ ಬಿಸಿಯೂಟ ಬಂದಿತು. 2022ರಲ್ಲಿ ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರವೂ ಆರಂಭವಾಯಿತು. ಮಧ್ಯಾಹ್ನದ ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಸಾಲಾಗಿ ನಿಲ್ಲುವ ನೀವು ಒಂದು ಕ್ಷಣ ಆ ದನ ಕಾಯುವ ಹುಡುಗನನ್ನೂ ನೆನೆಯಿರಿ.

ನಮ್ಮ ಗಡಿನಾಡು ಮತ್ತು ಕಾಮರಾಜರ ಕಾಲ

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಕಾಮರಾಜರೇ. ಅದುವರೆಗೆ ಮದರಾಸು ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆ ಮತ್ತು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು, ತಾಳವಾಡಿ, ನೀಲಗಿರಿಯ ಕನ್ನಡಿಗರು ಮದರಾಸು ರಾಜ್ಯದಲ್ಲೇ ಉಳಿದರು. ನಾವು ಇಂದು ತಮಿಳುನಾಡಿನ ಮಕ್ಕಳಾಗಿ ಕನ್ನಡದಲ್ಲಿ ಓದುತ್ತಿರುವುದಕ್ಕೆ ಹಿನ್ನೆಲೆ ಇದು.

ಆ ಕಾಲದಲ್ಲಿ ರಾಜ್ಯದ ನದಿಗಳಿಗೆ ಅನೇಕ ಅಣೆಕಟ್ಟುಗಳು ಬಂದವು. ನಂದಿಬೆಟ್ಟದ ಕಡೆ ಹುಟ್ಟಿ ಹೊಸೂರಿನ ಬಳಿ ಹರಿದು ಬರುವ ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೃಷ್ಣಗಿರಿ ಅಣೆಕಟ್ಟನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ತಾಳವಾಡಿಯವರು ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋದರೆ ಭವಾನಿಸಾಗರ ಹತ್ತಿರವೇ ಇದೆ. 1948ರಲ್ಲಿ ಆರಂಭವಾದ ಅದರ ಕೆಲಸ ಮುಗಿದದ್ದು ಕಾಮರಾಜರ ಆಡಳಿತದಲ್ಲಿ. ವೈಗೈ, ಸಾತ್ತನೂರು, ಮಣಿಮುತ್ತಾರು ಅಣೆಕಟ್ಟುಗಳೂ ಅದೇ ಕಾಲದವು. ನೀಲಗಿರಿಯಲ್ಲಿ ಕುಂದಾ ಜಲವಿದ್ಯುತ್ ಯೋಜನೆ ನಡೆದು ಹಳ್ಳಿಗಳಿಗೆ ದೀಪ, ಬಾವಿಗಳಿಗೆ ಪಂಪು ಬಂದವು. ನೈವೇಲಿಯ ಕಲ್ಲಿದ್ದಲು ಗಣಿ, ಪೆರಂಬೂರಿನ ರೈಲು ಬೋಗಿ ಕಾರ್ಖಾನೆ, ಗಿಂಡಿಯ ಕೈಗಾರಿಕಾ ವಸಾಹತು ತಲೆಯೆತ್ತಿದವು. ಕೈಗಾರಿಕಾ ಮಂತ್ರಿಯಾಗಿ ದುಡಿದ ಆರ್. ವೆಂಕಟರಾಮನ್ ಅವರು ಮುಂದೆ ಭಾರತದ ರಾಷ್ಟ್ರಪತಿಗಳಾದರು.

ಹಾಗೆಂದು ಕಾಮರಾಜರ ಆಡಳಿತದಲ್ಲಿ ಎಲ್ಲರಿಗೂ ಎಲ್ಲವೂ ಒಪ್ಪಿಗೆಯಾಗಿತ್ತು ಎಂದು ತಿಳಿಯಬಾರದು. ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಿಡಬೇಕೆಂದು ಒತ್ತಾಯಿಸಿ ಶಂಕರಲಿಂಗನಾರ್ ಎಂಬ ಹಿರಿಯ ಗಾಂಧಿವಾದಿಗಳು 1956ರಲ್ಲಿ ವಿರುದುನಗರದಲ್ಲೇ ಉಪವಾಸ ಕುಳಿತರು. ಸರ್ಕಾರ ಆ ಬೇಡಿಕೆಯನ್ನು ಒಪ್ಪಲಿಲ್ಲ. ಅವರು ಉಪವಾಸದಿಂದಲೇ ಪ್ರಾಣ ಬಿಟ್ಟರು. ಆ ಹೆಸರು ಬಂದದ್ದು 1969ರಲ್ಲಿ, ಅಣ್ಣಾದುರೈ ಅವರ ಕಾಲದಲ್ಲಿ. ದೊಡ್ಡವರ ಚರಿತ್ರೆಯನ್ನು ಓದುವಾಗ ಇಂತಹ ನೋವಿನ ಪುಟಗಳನ್ನೂ ನಾವು ಓದಬೇಕು.

ಹುದ್ದೆ ಬಿಟ್ಟವರು, ಸೋಲುಂಡವರು

1957ರಲ್ಲೂ 1962ರಲ್ಲೂ ಕಾಮರಾಜರು ಸಾತ್ತೂರಿನಿಂದ ಗೆದ್ದು ಮುಖ್ಯಮಂತ್ರಿಯಾಗಿ ಮುಂದುವರಿದರು. ಒಂಬತ್ತು ವರ್ಷ ಆಳಿದ ಮೇಲೆ ಅವರಿಗೆ ಒಂದು ಯೋಚನೆ ಬಂದಿತು. ಪಕ್ಷದ ಹಿರಿಯರೆಲ್ಲ ಕುರ್ಚಿಗಳಲ್ಲಿ ಕುಳಿತುಬಿಟ್ಟರೆ ಜನರ ನಡುವೆ ಕೆಲಸ ಮಾಡುವವರು ಯಾರು? ಹಿರಿಯ ಮಂತ್ರಿಗಳು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಮರಳಬೇಕೆಂದು ಅವರು ಪ್ರಧಾನಿ ನೆಹರೂ ಅವರಿಗೆ ಸಲಹೆ ಮಾಡಿದರು. ಇದೇ ಕಾಮರಾಜ ಯೋಜನೆ ಎಂದು ಹೆಸರಾಯಿತು. ಸಲಹೆ ಕೊಟ್ಟವರು ತಾವೇ ಮೊದಲು ನಡೆದು ತೋರಿಸಿದರು. 1963ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಮುಖ್ಯಮಂತ್ರಿ ಪದವಿಯಿಂದ ಇಳಿದರು. 1941ರಲ್ಲಿ ಪುರಸಭೆಯ ಕುರ್ಚಿಯನ್ನು ಬಿಟ್ಟ ಕಾಮರಾಜರೇ ಇವರು ಎಂಬುದು ನಿಮಗೆ ಈಗ ಹೊಳೆದಿರಬಹುದು.

1964ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಆ ವರ್ಷ ಮೇ ತಿಂಗಳಲ್ಲಿ ನೆಹರೂ ನಿಧನರಾದಾಗ ಎಲ್ಲರ ಅಭಿಪ್ರಾಯವನ್ನು ಕೇಳಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗುವಂತೆ ನೋಡಿಕೊಂಡರು. 1966ರ ಜನವರಿಯಲ್ಲಿ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಇಂದಿರಾ ಗಾಂಧಿಯವರು ಪ್ರಧಾನಿಯಾಗಲು ನೆರವಾದರು. ಎರಡು ಬಾರಿಯೂ ತಾವೇ ಆ ಸ್ಥಾನಕ್ಕೆ ಆಸೆಪಡಲಿಲ್ಲ.

ಆದರೆ ಜನರ ಮನಸ್ಸು ಸದಾ ಒಂದೇ ಕಡೆ ಇರುವುದಿಲ್ಲ. 1965ರ ಹಿಂದಿ ವಿರೋಧಿ ಚಳವಳಿ, ಅಕ್ಕಿಯ ಕೊರತೆ, ಬೆಲೆ ಏರಿಕೆ ಇವೆಲ್ಲ ಕಾಂಗ್ರೆಸ್ಸಿನ ಮೇಲೆ ಜನರ ಸಿಟ್ಟನ್ನು ಹೆಚ್ಚಿಸಿದವು. 1967ರ ಚುನಾವಣೆಯಲ್ಲಿ ಆ ಪಕ್ಷ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತು. ಕಾಮರಾಜರು ತಮ್ಮ ಹುಟ್ಟೂರು ವಿರುದುನಗರದಲ್ಲೇ, ಸೀನಿವಾಸನ್ ಎಂಬ ವಿದ್ಯಾರ್ಥಿ ನಾಯಕನ ಎದುರು 1285 ಮತಗಳಿಂದ ಸೋತರು. ಪ್ರಧಾನಿಗಳನ್ನು ಆರಿಸಿದವರನ್ನು ಸ್ವಂತ ಊರಿನವರು ಆರಿಸಲಿಲ್ಲ. ಅವರು ಜನರನ್ನು ದೂರಲಿಲ್ಲ. ತೀರ್ಪನ್ನು ತಲೆಬಾಗಿ ಒಪ್ಪಿಕೊಂಡು ಮತ್ತೆ ಕೆಲಸಕ್ಕೆ ತೊಡಗಿದರು. 1969ರಲ್ಲಿ ನಾಗರಕೋಯಿಲಿನಿಂದ ಲೋಕಸಭೆಗೆ ಆಯ್ಕೆಯಾದರು, 1971ರಲ್ಲೂ ಅಲ್ಲಿಂದಲೇ ಗೆದ್ದರು.

ಕಾಮರಾಜರ ನಂತರ ಕಾಂಗ್ರೆಸ್ಸಿನ ಅಧ್ಯಕ್ಷರಾದವರು ಕರ್ನಾಟಕದ ಎಸ್. ನಿಜಲಿಂಗಪ್ಪನವರು. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಪಕ್ಷದ ಅಧಿವೇಶನ ನಡೆಯಿತು. ಅಲ್ಲಿ ಬೆಳೆದ ಭಿನ್ನಾಭಿಪ್ರಾಯ ಆ ವರ್ಷದ ಕೊನೆಗೆ ಪಕ್ಷವನ್ನೇ ಎರಡಾಗಿ ಒಡೆಯಿತು. ಕಾಮರಾಜರು ನಿಜಲಿಂಗಪ್ಪನವರ ಜೊತೆಗೆ ನಿಂತರು.

ಉಳಿದುಹೋದದ್ದು

ಮಗ ಮುಖ್ಯಮಂತ್ರಿಯಾದರೂ ತಾಯಿ ಶಿವಕಾಮಿ ಅಮ್ಮಾಳ್ ವಿರುದುನಗರದ ಆ ಸಣ್ಣ ಮನೆಯಲ್ಲೇ ಇದ್ದರು. ಕಾಮರಾಜರು ತಿಂಗಳಿಗೊಂದು ಸಣ್ಣ ಮೊತ್ತವನ್ನು ಕಳುಹಿಸುತ್ತಿದ್ದರು. ಒಮ್ಮೆ ಪುರಸಭೆಯವರು ಆ ಮನೆಗೆಂದೇ ವಿಶೇಷವಾಗಿ ಒಂದು ನಲ್ಲಿ ಹಾಕಿಸಿದರಂತೆ. ಅದು ತಿಳಿದೊಡನೆ ಕಾಮರಾಜರು ಅದನ್ನು ತೆಗೆಸಿದರೆಂದು ಹೇಳುತ್ತಾರೆ. ಬೀದಿಯ ಎಲ್ಲರೂ ಸಾರ್ವಜನಿಕ ನಲ್ಲಿಯಲ್ಲಿ ನೀರು ಹಿಡಿಯುವಾಗ ತನ್ನ ತಾಯಿಗೆ ಮಾತ್ರ ಬೇರೆ ಏಕೆ ಎಂಬುದು ಅವರ ಪ್ರಶ್ನೆ.

1975ರ ಅಕ್ಟೋಬರ್ 2ರಂದು ಚೆನ್ನೈಯಲ್ಲಿ ಕಾಮರಾಜರು ನಿಧನರಾದರು. ಅವರು ಮುಖ್ಯಮಂತ್ರಿ ಪದವಿ ಬಿಟ್ಟದ್ದೂ ಗಾಂಧಿ ಜಯಂತಿಯಂದು, ಲೋಕ ಬಿಟ್ಟದ್ದೂ ಗಾಂಧಿ ಜಯಂತಿಯಂದು. ಕೊನೆಯವರೆಗೂ ಅವರು ಇದ್ದದ್ದು ಬಾಡಿಗೆ ಮನೆಯಲ್ಲಿ. ಅವರು ಬಿಟ್ಟುಹೋದದ್ದು ಕೆಲವು ಖಾದಿ ಬಟ್ಟೆಗಳು, ಪುಸ್ತಕಗಳು, ನೂರು ಚಿಲ್ಲರೆ ರೂಪಾಯಿ. 1976ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಭಾರತರತ್ನ ಪ್ರಶಸ್ತಿಯನ್ನು ನೀಡಿತು. ಮದುರೈ ವಿಶ್ವವಿದ್ಯಾನಿಲಯ ಅವರ ಹೆಸರನ್ನು ಹೊತ್ತಿತು. ಆರನೆಯ ತರಗತಿಗೆ ಓದು ನಿಲ್ಲಿಸಿದವರ ಹೆಸರು ಇಂದು ಸಾವಿರಾರು ಪದವೀಧರರ ಪ್ರಮಾಣಪತ್ರಗಳ ಮೇಲಿದೆ.

ವಿದ್ಯಾರ್ಥಿಗಳೇ, ಪಾಠದ ಮೊದಲಲ್ಲಿ ಕೇಳಿದ ಪ್ರಶ್ನೆಗೆ ಈಗ ನೀವು ಉತ್ತರ ಹೇಳಬಲ್ಲಿರಿ. ತನಗೆ ಸಿಗದೆ ಹೋದದ್ದು ಇನ್ನೊಬ್ಬರಿಗೂ ಸಿಗಬಾರದು ಎಂದು ಯೋಚಿಸುವವರಿದ್ದಾರೆ. ತನಗೆ ಸಿಗದೆ ಹೋದದ್ದು ಊರಿನ ಪ್ರತಿ ಮಗುವಿಗೂ ಸಿಗಲಿ ಎಂದು ದುಡಿಯುವವರೂ ಇದ್ದಾರೆ. ಕಾಮರಾಜರು ಎರಡನೆಯ ದಾರಿಯಲ್ಲಿ ನಡೆದರು. ನಿಮ್ಮ ಪಕ್ಕದ ಮನೆಯಲ್ಲಿ, ನಿಮ್ಮ ಹೊಲದ ಬದುವಿನಲ್ಲಿ ಶಾಲೆಗೆ ಬಾರದ ಒಂದು ಮಗು ಇನ್ನೂ ಇದ್ದರೆ ಅದನ್ನು ಕೈಹಿಡಿದು ಕರೆತನ್ನಿ. ಜುಲೈ 15ರಂದು ಹಾಕುವ ಹೂಹಾರಕ್ಕಿಂತ ಅದು ಅವರಿಗೆ ಹೆಚ್ಚು ಪ್ರಿಯವಾದೀತು.

ಅಭ್ಯಾಸ

1. ಕ್ಷತ್ರಿಯ ವಿದ್ಯಾಶಾಲೆಯ ಖರ್ಚಿಗೆ ಊರಿನವರು ಹೇಗೆ ನೆರವಾಗುತ್ತಿದ್ದರು?
2. ಕಾಮರಾಜರು ಪುರಸಭೆಯ ಅಧ್ಯಕ್ಷ ಪದವಿಗೆ ಏಕೆ ರಾಜೀನಾಮೆ ಕೊಟ್ಟರು? ಅದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಬರೆಯಿರಿ.
3. ಅರ್ಧ ದಿನದ ಶಾಲಾ ಯೋಜನೆಯ ಉದ್ದೇಶವೇನು? ಜನರು ಅದನ್ನು ಏಕೆ ವಿರೋಧಿಸಿದರು?
4. 1967ರ ಸೋಲನ್ನು ಕಾಮರಾಜರು ಹೇಗೆ ಸ್ವೀಕರಿಸಿದರು?
5. ನಿಮ್ಮ ಮನೆಯಲ್ಲಿ ಮೊದಲು ಶಾಲೆಗೆ ಹೋದವರು ಯಾರು? ಅಜ್ಜ ಅಜ್ಜಿಯರನ್ನು ಕೇಳಿ ತಿಳಿದು ಹತ್ತು ವಾಕ್ಯಗಳಲ್ಲಿ ಬರೆಯಿರಿ.